ಡೊಮಿನೊ ಸಾಲು, ಕಟ್ಟುವ ಆಟಿಕೆ: ಮಕ್ಕಳು ಇವುಗಳಿಂದ ಕಲಿಯುವುದೇನು?

ಪ್ರಶ್ನೆ: ಮೈಸೂರಿನ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ಆರು ವರ್ಷದ ನನ್ನ ಮಗಳಿಗೆ ಬೇಸಿಗೆ ರಜೆಯಿಂದ ಡೊಮಿನೊ ಎಂಬ ಚಪ್ಪಟೆ ಆಯತಾಕಾರದ ಬಿಲ್ಲೆಗಳನ್ನು ಸಾಲಾಗಿ ನಿಲ್ಲಿಸಿ ಬೀಳಿಸುವ ಹುಚ್ಚು ಹತ್ತಿದೆ. ಬಿಲ್ಲೆಗಳು ಸಾಲದಾದಾಗ ಬೆಂಕಿಪೊಟ್ಟಣ, ಹಳೆಯ ನೋಟ್‌ಬುಕ್ಕುಗಳನ್ನೂ ಸೇರಿಸಿಕೊಂಡು, ಕೊನೆಯಲ್ಲಿ ಒಂದು ಗೋಲಿ ಉರುಳಿ ಲೋಟಕ್ಕೆ ಬೀಳುವಂತೆ ಹೂಡುತ್ತಾಳೆ. ನಡುವೆ ಕೈ ತಾಗಿ ಸಾಲು ಬಿದ್ದುಹೋದರೆ ಅತ್ತುಬಿಡುತ್ತಾಳೆ. ಬೀಳಿಸುವುದಕ್ಕೆಂದೇ ಕಟ್ಟುವ ಆಟದಿಂದ ಏನು ಪ್ರಯೋಜನ, ಆ ಹೊತ್ತಿನಲ್ಲಿ ಮಗ್ಗಿ ಬರೆಸಬಾರದೇ ಎಂದು ನಮ್ಮ ಅತ್ತೆಯವರು ಕೇಳುತ್ತಾರೆ. ಇದರಿಂದ ಅವಳು ನಿಜವಾಗಿ ಏನಾದರೂ ಕಲಿಯುತ್ತಿದ್ದಾಳೆಯೇ? ಸಾಲು ಬಿದ್ದಾಗ ನಾನು ಕೈಜೋಡಿಸಬೇಕೇ? ಅಂಗಡಿಯ ದುಬಾರಿ ಸೆಟ್ಟುಗಳು ಅಗತ್ಯವೇ?

ಉತ್ತರ 1: ಪಿಯು ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕ

ಖಂಡಿತ ಕಲಿಯುತ್ತಿದ್ದಾಳೆ. ಮಲಗಿದ ಬಿಲ್ಲೆಯನ್ನು ಎತ್ತಿ ನಿಲ್ಲಿಸುವಾಗ ನಿಮ್ಮ ಮಗಳು ಅದರಲ್ಲಿ ಒಂದಿಷ್ಟು ಶಕ್ತಿಯನ್ನು ಕೂಡಿಡುತ್ತಾಳೆ; ಮೊದಲ ಬಿಲ್ಲೆಯನ್ನು ಬೆರಳಿನಿಂದ ಮುಟ್ಟಿದಾಗ ಹೀಗೆ ಕೂಡಿಟ್ಟದ್ದೆಲ್ಲ ಒಂದರ ನಂತರ ಒಂದಾಗಿ ಬಿಡುಗಡೆಯಾಗುತ್ತದೆ. ಆದ್ದರಿಂದಲೇ ಸಾಲು ಎಷ್ಟೇ ಉದ್ದವಿದ್ದರೂ ಕೊನೆಯ ಬಿಲ್ಲೆಯೂ ಮೊದಲಿನಷ್ಟೇ ಜೋರಾಗಿ ಬೀಳುತ್ತದೆ. ಅಂತರವು ಬಿಲ್ಲೆಯ ಎತ್ತರವನ್ನು ಮೀರಿದರೆ ಒಂದು ಇನ್ನೊಂದನ್ನು ಮುಟ್ಟುವುದೇ ಇಲ್ಲ, ನುಣುಪಾದ ನೆಲದ ಮೇಲೆ ಬುಡ ಹಿಂದಕ್ಕೆ ಜಾರುತ್ತದೆ ಎಂಬುದನ್ನೆಲ್ಲ ಅವಳ ಕೈ ಈಗಾಗಲೇ ಅರಿತಿರುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಹೀಗೆ ಕೂಡಿಟ್ಟ ಶಕ್ತಿಯ, ಅಂದರೆ ಸ್ಥಿತಿಶಕ್ತಿಯ, ಸೂತ್ರವನ್ನು ಬಾಯಿಪಾಠ ಮಾಡಿಯೂ ಇಂತಹ ಅನುಭವವಿಲ್ಲದೆ ತಡವರಿಸುವವರು ಅನೇಕರಿದ್ದಾರೆ.

ಮಗ್ಗಿಯ ವಿಷಯಕ್ಕೂ ಒಂದು ಮಾತು. ಒಂದು ಬಿಲ್ಲೆಯು ತನಗಿಂತ ಸುಮಾರು ಒಂದೂವರೆ ಪಟ್ಟು ದೊಡ್ಡದಾದ ಬಿಲ್ಲೆಯನ್ನು ಉರುಳಿಸಬಲ್ಲದು ಎಂದು ಕೆನಡಾದ ಭೌತವಿಜ್ಞಾನಿ ಲಾರ್ನ್ ವೈಟ್‌ಹೆಡ್ 1983ರಲ್ಲಿ ಬರೆದಿದ್ದರು. ಹಾಗೆ ಬೆಳೆಸುತ್ತ ಹೋದರೆ 13ನೆಯ ಬಿಲ್ಲೆ ಮೊದಲನೆಯದರ ಸುಮಾರು 130 ಪಟ್ಟು ಎತ್ತರವಿರುತ್ತದೆ. ಒಂದು ಸೆಂಟಿಮೀಟರಿನ ತುಣುಕಿನಿಂದ ಆರಂಭಿಸಿದರೆ ನಿಮ್ಮ ಮಗಳಿಗಿಂತಲೂ ಎತ್ತರದ ಹಲಗೆ ಉರುಳುತ್ತದೆ. ಬೆಂಕಿಪೊಟ್ಟಣ, ಸಣ್ಣ ಪುಸ್ತಕ, ದಪ್ಪ ನಿಘಂಟು ಎಂದು ಕ್ರಮವಾಗಿ ನಿಲ್ಲಿಸಿ ಅವಳಿಗೆ ತೋರಿಸಿ. ಗುಣಾಕಾರ ಎಷ್ಟು ಬೇಗ ಬೆಳೆಯುತ್ತದೆ ಎಂಬುದನ್ನು ಅತ್ತೆಯವರೂ ಕಣ್ಣಾರೆ ನೋಡಲಿ.

ಉತ್ತರ 2: ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ

ಮೇಡಂ, ನಿಮ್ಮ ಎರಡನೆಯ ಪ್ರಶ್ನೆಯೇ ನನಗೆ ಬಹಳ ಮುಖ್ಯವೆನಿಸಿತು. ಸಾಲು ನಡುವೆ ನಿಂತುಹೋದಾಗ ಯಾವ ಬಿಲ್ಲೆಯ ಬಳಿ ನಿಂತಿತು, ಏಕೆ ನಿಂತಿತು ಎಂದು ಮಗು ಹಿಂದಕ್ಕೆ ಹುಡುಕುತ್ತ ಹೋಗುವ ಆ ಕೆಲವು ನಿಮಿಷಗಳಲ್ಲೇ ನಿಜವಾದ ಕಲಿಕೆ ನಡೆಯುತ್ತದೆ. ನಾವು ಮುನ್ನುಗ್ಗಿ ಬಿಲ್ಲೆಯನ್ನು ಸರಿಪಡಿಸಿದರೆ ಸಾಲು ಪೂರ್ಣವಾಗುತ್ತದೆ, ಆದರೆ ಹುಡುಕಾಟ ಅವಳ ಕೈತಪ್ಪುತ್ತದೆ. "ಎಲ್ಲಿ ನಿಂತಿತು ಮಗಳೇ?" ಎಂದು ಕೇಳಿ ಸುಮ್ಮನೆ ಕಾಯಿರಿ. ಕಾಯುವುದು ಸುಲಭವಲ್ಲ, ತರಗತಿಯಲ್ಲಿ ನನಗೂ ಅದು ಪ್ರತಿದಿನದ ಪರೀಕ್ಷೆ.

ಅಳುವಿಗೆ ಒಂದು ಉಪಾಯವಿದೆ. ದೊಡ್ಡ ಸಾಲು ಕಟ್ಟುವವರು ಅಲ್ಲಲ್ಲಿ ಕೆಲವು ಬಿಲ್ಲೆಗಳ ಜಾಗವನ್ನು ಖಾಲಿ ಬಿಟ್ಟು, ಎಲ್ಲ ಮುಗಿದ ಮೇಲಷ್ಟೇ ಅದನ್ನು ತುಂಬುತ್ತಾರೆ. ಆಗ ಆಕಸ್ಮಿಕವಾಗಿ ಕೈ ತಾಗಿದರೂ ಒಂದು ಭಾಗ ಮಾತ್ರ ಬೀಳುತ್ತದೆ. ಇದನ್ನು ನೇರವಾಗಿ ಹೇಳಿಕೊಡದೆ, ಬಿದ್ದದ್ದು ಮುಂದಕ್ಕೆ ಹರಡದಂತೆ ಏನು ಮಾಡಬಹುದು ಎಂದು ಕೇಳಿ ನೋಡಿ, ಮಕ್ಕಳು ಬಹುಮಟ್ಟಿಗೆ ತಾವೇ ಕಂಡುಕೊಳ್ಳುತ್ತಾರೆ.

ಕಟ್ಟಿ ಕೆಡವುವ ಆಟವನ್ನು ಶಿಕ್ಷಣವೆಂದು ಕಂಡದ್ದು ಇಂದು ನಿನ್ನೆಯಲ್ಲ. ಜರ್ಮನಿಯ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ 1837ರಲ್ಲಿ ಎಳೆಯ ಮಕ್ಕಳಿಗಾಗಿ ಸಂಸ್ಥೆ ತೆರೆದ ಫ್ರೆಡ್ರಿಕ್ ಫ್ರೋಬೆಲ್ ರೂಪಿಸಿದ ಆಟಿಕೆಗಳಲ್ಲಿ ಒಂದು, ಎಂಟು ಸಣ್ಣ ಘನಗಳಾಗಿ ಬಿಡಿಸಬಹುದಾದ ಮರದ ಘನ. ಕುರ್ಚಿ, ಮೆಟ್ಟಿಲು, ಗೋಪುರ ಏನೇ ಕಟ್ಟಿದರೂ ಅದೇ ಎಂಟು ತುಂಡುಗಳು. ಭಾಗ ಮತ್ತು ಪೂರ್ಣದ ಸಂಬಂಧ ತಿಳಿಯಲು ಅದಕ್ಕಿಂತ ಸರಳವಾದ ಸಾಧನವನ್ನು ನಾನು ಕಂಡಿಲ್ಲ.

ಉತ್ತರ 3: ತುಮಕೂರಿನ ನಿವೃತ್ತ ವಿಜ್ಞಾನ ಶಿಕ್ಷಕ

ದುಬಾರಿ ಸೆಟ್ಟು ಬೇಕಾಗಿಲ್ಲ ತಾಯಿ. ಐಐಟಿ ಕಾನ್ಪುರದಲ್ಲಿ ಓದಿದ ಅರವಿಂದ ಗುಪ್ತಾ ಅವರು 1970ರ ದಶಕದಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿಶಾಲೆಗಳ ವಿಜ್ಞಾನ ಕಾರ್ಯಕ್ರಮದಲ್ಲಿ ತೊಡಗಿದ್ದಾಗ, ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ ಟ್ಯೂಬಿನ (ಗಾಳಿ ತುಂಬುವ ಕವಾಟಕ್ಕೆ ಹಾಕುವ ತೆಳು ರಬ್ಬರ್ ಕೊಳವೆಯ) ತುಂಡುಗಳಿಂದ ಕಟ್ಟುವ ಆಟಿಕೆಯೊಂದನ್ನು ರೂಪಿಸಿದರು. ಕಡ್ಡಿಯ ಮದ್ದನ್ನು ಕೆರೆದು ತೆಗೆದು, ಟ್ಯೂಬಿನ ಸಣ್ಣ ತುಂಡಿನ ಎರಡು ತುದಿಗೂ ಒಂದೊಂದು ಕಡ್ಡಿ ತೂರಿಸಿದರೆ ಕೀಲು ಸಿದ್ಧ. ಹೀಗೆ ಚೌಕ ಮಾಡಿ ಒತ್ತಿದರೆ ಅದು ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಚೌಕದ ಎದುರುಬದುರು ಮೂಲೆಗಳನ್ನು ಸೇರಿಸುವಂತೆ ಕೊಂಚ ಉದ್ದದ ಕಡ್ಡಿಯೊಂದನ್ನು ಹಾಕಿದರೆ ಅದೂ ಗಟ್ಟಿಯಾಗುತ್ತದೆ. ಆಮೇಲೆ ಮಗುವನ್ನು ಹೊರಗೆ ಕರೆದೊಯ್ದು ವಿದ್ಯುತ್ ಗೋಪುರವನ್ನು ತೋರಿಸಿ, ಅದರಲ್ಲಿರುವ ತ್ರಿಕೋನಗಳನ್ನು ಅವಳೇ ಎಣಿಸಲಿ.

ಕೊಳ್ಳಲೇಬೇಕೆಂದಿದ್ದರೆ ಚನ್ನಪಟ್ಟಣ ನಿಮಗೆ ದೂರವಲ್ಲ. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಅಲ್ಲಿನ ಆಟಿಕೆಗಳು ವರ್ಷಗಟ್ಟಲೆ ಬಾಳುತ್ತವೆ.

ಪ್ರಶ್ನೆ ಕೇಳಿದ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ಮನೆಯಲ್ಲಿ ಒಂದೂವರೆ ವರ್ಷದ ಮಗನೂ ಇದ್ದಾನೆ. ಅವನನ್ನೂ ಆಟಕ್ಕೆ ಸೇರಿಸಬಹುದೇ?

ಉತ್ತರ: ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ

ಸೇರಿಸಬಹುದು, ಆದರೆ ಗೋಲಿ, ಸಣ್ಣ ಬಿಲ್ಲೆ, ಟ್ಯೂಬಿನ ತುಂಡುಗಳನ್ನು ಅವನ ಕೈಗೆ ಸಿಗದಂತೆ ಇಡಿ. ಮೂರು ವರ್ಷದೊಳಗಿನ ಮಕ್ಕಳು ಬಾಯಿಗೆ ಹಾಕಿಕೊಂಡು ಗಂಟಲಿಗೆ ಸಿಕ್ಕಿಸಿಕೊಳ್ಳುವ ಅಪಾಯವಿರುತ್ತದೆ. ಅವನಿಗೆ ದೊಡ್ಡ ಮರದ ತುಂಡುಗಳನ್ನೋ ಸ್ಟೀಲ್ ಡಬ್ಬಿಗಳನ್ನೋ ಕೊಡಿ. ಅಕ್ಕ ಪೇರಿಸಲಿ, ತಮ್ಮ ಕೆಡವಲಿ. ಆ ವಯಸ್ಸಿಗೆ ಕೆಡವುವುದೇ ಪ್ರಯೋಗ.