4 = 5 ಸಾಧನೆಯೊಳಗ ಸೊನ್ನೆ ಎಲ್ಲೈತಿ?

ಪ್ರಶ್ನೆ (ಧಾರವಾಡ)
ಒಂಬತ್ತನೇ ಇಯತ್ತೆ ಹುಡುಗರು ಇದನ್ನ ತಂದಾರ:

16 − 36 = 25 − 45
ಎರಡೂ ಕಡೆ 81/4 ಕೂಡಿಸಿದ್ರ
(4 − 9/2)² = (5 − 9/2)²
4 − 9/2 = 5 − 9/2
4 = 5

ಇಂಥಾವ್ರಾಗ ಎಲ್ಲೋ ಸೊನ್ನೆಯಿಂದ ಭಾಗಿಸಿರ್ತಾರ. ಇಲ್ಲಿ ಭಾಗಾಕಾರನೇ ಇಲ್ಲಲ್ರಿ?

ಉತ್ತರ (ಹುಬ್ಬಳ್ಳಿ)
ಸೊನ್ನೆ ಹುಡುಕಬ್ಯಾಡ್ರಿ ಸರ್, ಇಲ್ಲಿಲ್ಲ. ವರ್ಗದ ಸಾಲಿನ ತನಕ ಎಲ್ಲಾ ಖರೇನ ಐತಿ: ಎಡಕ್ಕ (−1/2)², ಬಲಕ್ಕ (1/2)², ಎರಡೂ 1/4. ಕೆಟ್ಟದ್ದು ವರ್ಗಮೂಲ ತಗದಾಗ. ವರ್ಗ ಸಮ ಇದ್ರ ಸಂಖ್ಯೆ ಸಮ ಇರಬೇಕಂತಿಲ್ಲ, ಚಿಹ್ನೆ ಬ್ಯಾರೆ ಇರಬಹುದು. 4 − 9/2 = −(5 − 9/2) ಅಂತ ಬರದಿದ್ರ ತಕರಾರೇ ಇಲ್ಲ.

ಹುಡುಗರಿಗೆ ಒಂದು ರೀತಿ ಕಲಸ್ರಿ. ಪ್ರತಿ ಸಾಲಿನ ಬಾಜೂಕ ಎಡ, ಬಲದ ಬೆಲೆ ಬರೀಬೇಕು. ಇಲ್ಲಿ −20, −20. ಆಮ್ಯಾಲೆ 1/4, 1/4. ಆಮ್ಯಾಲೆ −1/2, 1/2. ಬೆಲೆ ಮೊದಲ ಸಲ ಬ್ಯಾರೆ ಆದ ಸಾಲಿಗೆ ಹ್ಯಾಂಗ ಬಂದ್ವಿ ನೋಡ್ರಿ, ತಪ್ಪು ಅಲ್ಲೇ. ಅ = ಬ ಇಂದ ಶುರುಮಾಡಿ, ಎರಡೂ ಕಡೆ ಅ ಇಂದ ಗುಣಿಸಿ, ಬ² ಕಳದು 2 = 1 ಅಂತ ತೋರಸೋ ಸಾಧನೆಗೂ ಇದ ಸಾಕು. ಎರಡಕ್ಕೂ 1 ಹಾಕಿದ್ರ (ಅ + ಬ)(ಅ − ಬ) = ಬ(ಅ − ಬ) ಸಾಲಿನಾಗ 0 = 0, (ಅ − ಬ) ಹೊಡದ ಕೂಡ್ಲೆ 2 = 1.

ಉತ್ತರ (ಗದಗ)
ಹೊಡದದ್ದು ಕಣ್ಣಿಗರ ಕಾಣತೈತಿ. ಭಿನ್ನರಾಶಿಯೊಳಗ ಅದೂ ಕಾಣಂಗಿಲ್ಲ:

(5ಕ್ಷ − 15)/(ಕ್ಷ − 7) = (5ಕ್ಷ − 15)/(ಕ್ಷ − 4)

ಅಂಶ ಒಂದ, ಹಂಗಾರ ಛೇದನೂ ಒಂದ, −7 = −4! ಭಾಗಿಸಿದ್ದು ಯಾರ ಗಮನಕ್ಕೂ ಬರಂಗಿಲ್ಲ. ಕ್ಷ = 3 ಆದ್ರ ಅಂಶನ ಸೊನ್ನೆ; 0/−4, 0/−1 ಎರಡೂ ಸೊನ್ನೆ, ಛೇದ ಸಮ ಇರೋ ಜರೂರಿಲ್ಲ. ಆ 3 ಈ ಸಮೀಕರಣದ ಉತ್ತರ.

ನನ್ನ ಕೇಳಿದ್ರ 4 = 5 ಅಷ್ಟು ಅಪಾಯದ್ದಲ್ಲ, ತಪ್ಪಂತ ನೋಡಿದ್ರನ ತಿಳೀತೈತಿ. ಪರೀಕ್ಷೆಯೊಳಗ ಕ್ಷ² = 3ಕ್ಷ ಕೊಟ್ರ ಕ್ಷ ಹೊಡದು 3 ಅಂತ ಬರೀತಾರ, 0 ಅನ್ನೋ ಇನ್ನೊಂದು ಮೂಲ ಸದ್ದಿಲ್ಲದ ಹೋಗಿಬಿಡ್ತದ. ಕ್ಷ(ಕ್ಷ − 3) = 0 ಅಂತ ಅಪವರ್ತಿಸೋದ ಸರಿ.

ಪ್ರಶ್ನೆ (ಹಾವೇರಿ)
ಸೊನ್ನೆಯಿಂದ ಭಾಗಿಸಿದ್ರ ಅನಂತ ಅಂತ ಬರದು ಮುಗಸಬಾರದೇನ್ರಿ?

ಉತ್ತರ (ಹುಬ್ಬಳ್ಳಿ)
6/0, 7/0 ಎರಡೂ ಅನಂತ ಅಂದು, ಎರಡೂ ಕಡೆ 0 ಇಂದ ಗುಣಿಸಿದ್ರ 6 = 7. ಸಾಮಾನ್ಯ ಗುಣಾಕಾರದ ನಿಯಮ ಬಿಡದ ಇದು ನಡ್ಯಾಂಗಿಲ್ರಿ. ದೊಡ್ಡವರೂ ಇಲ್ಲಿ ಬ್ಯಾರೆ ಬ್ಯಾರೆ ಹೇಳ್ಯಾರ. ಬ್ರಹ್ಮಗುಪ್ತ 628ರಾಗ 0/0 = 0 ಅಂದ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ, ಸೊನ್ನೆಯಿಂದ ಭಾಗಿಸಿದ್ರ ಸಂಖ್ಯೆ ಇದ್ದಂಗ ಇರತೈತಿ ಅಂದ. ತಾಳೆ ನೋಡ್ರಿ: 6/0 = 6 ಆದ್ರ 6 × 0 = 6 ಆಗಬೇಕು.