ಕಳೆ: ಹಚ್ಚುವುದೋ, ಬರುವುದೋ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಳಕೆ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು. ಪದ ‘ಕಳೆ’. ಹೊಲದಲ್ಲಿ ಕೀಳುವ ಕಳೆ ಅಲ್ಲ, ಲೆಕ್ಕದಲ್ಲಿ ಕಳೆಯುವುದೂ ಅಲ್ಲ. ಮುಖದ ಕಳೆ.

ಬಸವನಗುಡಿಯಲ್ಲಿ ನಾವು ಏಳೆಂಟು ಜನ ಭಾನುವಾರ ಬೆಳಗ್ಗೆ ಸೇರಿ ಫೋಟೋಗ್ರಫಿ ಕಲಿಯುತ್ತೇವೆ. ಪ್ರತಿ ತಿಂಗಳು ಒಬ್ಬ ಫೋಟೋಗ್ರಾಫರ್‌ನ ಕೆಲಸ ಹಿಡಿದು ನೋಡುತ್ತೇವೆ. ಕನ್ನಡದಲ್ಲಿ ಟಿಪ್ಪಣಿ ಬರೆಯುವ ಕೆಲಸ ನನ್ನದು. ಈ ಸಲ ಎರ್ವಿನ್ ಬ್ಲೂಮೆನ್‌ಫೆಲ್ಡ್. 1897ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಚರ್ಮದ ಬ್ಯಾಗಿನ ಅಂಗಡಿ ಇಟ್ಟು, ಪ್ಯಾರಿಸ್ ದಾಟಿ, 1941ರಲ್ಲಿ ನ್ಯೂಯಾರ್ಕ್ ಸೇರಿದವರು. ಅವರ ಒಂದೇ ಒಂದು ಚಿತ್ರದ ಮುಂದೆ ನಾವು ಎರಡು ಭಾನುವಾರ ಕೂತೆವು. 1950ರ ಜನವರಿಯ ‘ವೋಗ್’ ಫ್ಯಾಷನ್ ಪತ್ರಿಕೆಯ ಮುಖಪುಟ ಅದು. ಮಾಡೆಲ್ ಜೀನ್ ಪ್ಯಾಚೆಟ್.

ಚಿತ್ರ ನೋಡದವರಿಗೆ ಹೇಳುತ್ತೇನೆ. ಪುಟವೆಲ್ಲ ಬಿಳಿ. ಮೂಗಿಲ್ಲ. ಗಲ್ಲವಿಲ್ಲ. ಕೆನ್ನೆ ಎಲ್ಲಿ ಮುಗಿಯಿತು ಅನ್ನುವ ಗೆರೆಯೂ ಇಲ್ಲ. ಒಂದು ಕಣ್ಣು, ಅದರ ಹುಬ್ಬು, ಕೆಂಪು ತುಟಿ, ಒಂದು ಮಚ್ಚೆ. ಅಷ್ಟೇ. ಆದರೂ ನೋಡಿದ ಕೂಡಲೇ ಪೂರ್ತಿ ಮುಖ ಕಾಣುತ್ತದೆ.

ನಾನು ಟಿಪ್ಪಣಿಯಲ್ಲಿ ‘ಇಷ್ಟೆಲ್ಲ ಅಳಿಸಿದರೂ ಕಳೆ ಉಳಿದಿದೆ, ಅದನ್ನು ತಂದದ್ದು ಮೇಕಪ್ ಮತ್ತು ಬೆಳಕು’ ಅಂತ ಬರೆದೆ. ನಮ್ಮ ಗುಂಪಿನಲ್ಲಿ ಮದುಮಕ್ಕಳಿಗೆ ಮೇಕಪ್ ಮಾಡುವ ಒಬ್ಬ ಅಕ್ಕ ಇದ್ದಾರೆ. ಓದಿದವರೇ ತಡೆದರು. ‘ಕಳೆ ನಾವು ತರೋದಲ್ಲಪ್ಪ, ಅದಾಗಿ ಬರಬೇಕು. ನಾವು ಹಚ್ಚೋದು ಹೊಳಪು’ ಅಂದರು.

ಆವತ್ತಿನಿಂದ ಇದೇ ತಲೆಯಲ್ಲಿ ಕೂತಿದೆ. ಅಕ್ಕ ಹೇಳಿದ್ದಕ್ಕೆ ನಮ್ಮ ಮಾತೇ ಸಾಕ್ಷಿ. ಮುಖಕ್ಕೆ ಕಳೆ ಬಂತು, ಕಳೆ ಏರಿತು, ಕಳೆ ಕಟ್ಟಿತು, ಕಳೆಗುಂದಿತು ಅನ್ನುತ್ತೇವೆ. ಯಾವುದರಲ್ಲೂ ಮಾಡಿದವರು ಯಾರು ಅಂತ ಇಲ್ಲ. ಕಳೆ ಹಚ್ಚಿದರು, ಕಳೆ ಬಳಿದರು ಅಂತ ನಾನಂತೂ ಕೇಳಿಲ್ಲ. ಮತ್ತೆ, ಕಳೆ ಅಂದರೆ ಬರೀ ಹೊಳೆಯುವುದೂ ಅಲ್ಲ. ಮದುವೆ ಕಳೆ, ರಾಜಕಳೆ ಇರುವ ಹಾಗೆ ಪ್ರೇತಕಳೆಯೂ ಇದೆ. ಒಳಗಿನದು ಮುಖದ ಮೇಲೆ ಕಂಡರೆ ಅದು ಕಳೆ.

‘ಬಣ್ಣ’ದ ದಾರಿ ಬೇರೆ. ಬಣ್ಣ ಹಚ್ಚುವುದು ಅಂದರೆ ನಟಿಸುವುದು. ಬಣ್ಣ ಕಟ್ಟಿ ಹೇಳುವುದು ಅಂದರೆ ಇಲ್ಲದ್ದನ್ನು ಸೇರಿಸಿ ಹೇಳುವುದು. ಕೊನೆಗೆ ಬಣ್ಣ ಬಯಲಾಗುತ್ತದೆ. ಹಚ್ಚಿದ್ದನ್ನು ಕನ್ನಡ ಸ್ವಲ್ಪ ಅನುಮಾನದಿಂದಲೇ ನೋಡುತ್ತದೆ, ಬಂದದ್ದನ್ನು ನಂಬುತ್ತದೆ. ಯಕ್ಷಗಾನದವರ ‘ಮುಖವರ್ಣಿಕೆ’ಯಲ್ಲಿ ಮಾತ್ರ ಆ ಅನುಮಾನ ಇಲ್ಲ. ಅಲ್ಲಿ ಮುಖಕ್ಕೆ ಬರೆದದ್ದೇ ಪಾತ್ರದ ಗುಣ. ಸಿನಿಮಾ ಟೈಟಲ್‌ಗಳಲ್ಲಿ ಮೇಕಪ್‌ಗೆ ಬರುವ ‘ಪ್ರಸಾಧನ’ಕ್ಕಿಂತ ನನಗೆ ಇದೇ ಇಷ್ಟ.

ಹೊಳಪಿನ ವಿಷಯದಲ್ಲಿ ಅಕ್ಕನ ಮಾತಿಗೆ ತಕರಾರಿಲ್ಲ. ಅದು ಚರ್ಮದ ಮೇಲಿನದು. ನುಣುಪಾದ ಜಾಗಕ್ಕೆ ಬೆಳಕು ಬಿದ್ದು ಕನ್ನಡಿಯಲ್ಲಿ ತಿರುಗಿದ ಹಾಗೆ ತಿರುಗಿದರೆ ಹೊಳಪು. ಕೆನ್ನೆಯ ಮೂಳೆಯ ಮೇಲೆ ಕಂಡರೆ ಚೆಂದ ಅನ್ನುತ್ತೇವೆ. ಅದೇ ಹಣೆಯ ಮೇಲೆ ಕಂಡರೆ ಎಣ್ಣೆ ಮುಖ ಅಂತ ಪೌಡರ್ ಒತ್ತುತ್ತೇವೆ. ಬೆಳಕಿಗೆ ಎರಡೂ ಒಂದೇ. ಚಿಕ್ಕ ಬಲ್ಬ್ ಹಿಡಿದರೆ ಚೂಪಾದ ಚುಕ್ಕೆಯಾಗಿ ಹೊಳೆಯುತ್ತದೆ. ಅದರ ಮುಂದೆ ದೊಡ್ಡ ಬಿಳಿ ಪಂಚೆ ಇಳಿಬಿಟ್ಟರೆ ಹೊಳಪು ಹರಡಿ ಮೆತ್ತಗಾಗುತ್ತದೆ.

ನಾನು ಒಪ್ಪದೇ ಇರುವುದು, ಕಳೆ ಅದಾಗಿ ಬರಬೇಕು ಅಂದ ಮಾತ್ರಕ್ಕೆ ಕಳೆಗೂ ಬೆಳಕಿಗೂ ಸಂಬಂಧವಿಲ್ಲ ಅನ್ನುವುದನ್ನು. ಈ ಕಳೆ ಸಂಸ್ಕೃತದ ‘ಕಲಾ’ದಿಂದ ಬಂದದ್ದು, ಚಂದ್ರನ ಹದಿನಾರು ಕಳೆಗಳದ್ದು. ಅದಕ್ಕೇ ಅಲ್ವಾ ಕಳೆ ಏರುವುದು, ಕುಂದುವುದು? ಚಂದ್ರನ ಕಳೆ ಅವನದ್ದಲ್ಲ. ಸೂರ್ಯನ ಬೆಳಕು ಬಿದ್ದ ಭಾಗ ನಮ್ಮ ಕಡೆಗೆ ಎಷ್ಟು ತಿರುಗಿದೆಯೋ ಅಷ್ಟು ಕಳೆ.

ಹೋದ ಭಾನುವಾರ ಇದನ್ನೇ ಮಾಡಿ ನೋಡಿದೆವು. ಕಿಟಕಿ ಮುಚ್ಚಿ, ಅಕ್ಕನನ್ನೇ ಸ್ಟೂಲ್ ಮೇಲೆ ಕೂರಿಸಿ, ಒಂದೇ ದೀಪ ಹಿಡಿದು ಸುತ್ತಲೂ ನಡೆದೆವು. ದೀಪ ಹಿಂದೆ ಇದ್ದಾಗ ಮುಖ ಅಮಾವಾಸ್ಯೆ. ಸ್ವಲ್ಪ ಪಕ್ಕಕ್ಕೆ ಬಂದಾಗ ಕೆನ್ನೆಯ ಅಂಚಿನಲ್ಲಿ ಬಿದಿಗೆ ಚಂದ್ರನ ಹಾಗೆ ತೆಳ್ಳನೆ ಗೆರೆ. ಸರಿಯಾಗಿ ಪಕ್ಕಕ್ಕೆ ನಿಂತಾಗ ಮೂಗಿನ ಮೇಲೆ ಗೆರೆ ಎಳೆದ ಹಾಗೆ ಅರ್ಧ ಬೆಳಕು, ಅರ್ಧ ಕತ್ತಲೆ. ಅಷ್ಟಮಿ. ಎದುರಿಗೆ ಬಂದಾಗ ಹುಣ್ಣಿಮೆ. ಮೇಕಪ್ ಬದಲಾಗಲಿಲ್ಲ, ಅಕ್ಕ ಅಲ್ಲಾಡಲಿಲ್ಲ. ಆದರೆ ಒಂದೊಂದು ತಿಥಿಗೂ ಬೇರೆ ಬೇರೆ ಮನಸ್ಸಿನ ಹೆಂಗಸು ಕೂತ ಹಾಗಿತ್ತು. ಬ್ಲೂಮೆನ್‌ಫೆಲ್ಡ್ ಹುಣ್ಣಿಮೆಯನ್ನೂ ದಾಟಿ ಹೋಗಿದ್ದಾರೆ. ಅವರ ಪುಟದಲ್ಲಿ ಚಂದ್ರನ ಅಂಚೇ ಆಕಾಶದಲ್ಲಿ ಕರಗಿದೆ.

ದೇವಸ್ಥಾನದ ಮಾತೂ ನನ್ನ ಪರವಾಗಿದೆ ಅನ್ನಿಸುತ್ತದೆ. ಬೆಣ್ಣೆ ಅಲಂಕಾರ ಮುಗಿಸಿ, ತೆರೆ ಸರಿಸಿ, ಮಂಗಳಾರತಿ ಎತ್ತಿದಾಗ ‘ದೇವರಿಗೆ ಏನು ಕಳೆ ಬಂದಿದೆ ನೋಡು’ ಅಂತ ನಮ್ಮಜ್ಜಿ ಅನ್ನುತ್ತಿದ್ದರು. ಅಲಂಕಾರ ಮಾಡಿದ್ದು ಅರ್ಚಕರ ಕೈ, ಬೆಳಕು ಕರ್ಪೂರದ್ದು. ಆದರೂ ಅಜ್ಜಿಗೆ ಅದು ‘ಬಂದ’ ಕಳೆಯೇ. ಜೀರ್ಣೋದ್ಧಾರಕ್ಕೆ ಮೊದಲು ವಿಗ್ರಹದ ಕಳೆಯನ್ನು ಕಲಶಕ್ಕೆ ಇಳಿಸುವ ಕಲಾಕರ್ಷಣೆಯೂ ಇದೆಯಲ್ಲ? ಅಂದರೆ ಕಳೆಯನ್ನು ಕೈಯಾರೆ ಹಚ್ಚಲು ಆಗದಿದ್ದರೂ ಕರೆಯಬಹುದು, ಇಳಿಸಬಹುದು.

ಇದರ ಜೊತೆಗೇ ಇನ್ನೊಂದು ಪದ ಬೇಕಾಗಿದೆ. ಫೋಟೋದಲ್ಲಿ ಕಣ್ಣಿನ ಕಪ್ಪಿನ ಮೇಲೆ ಬೀಳುವ ಬೆಳಕಿನ ಚುಕ್ಕೆಗೆ ಇಂಗ್ಲಿಷಿನವರು ಕ್ಯಾಚ್‌ಲೈಟ್ ಅನ್ನುತ್ತಾರೆ. ಅದು ಇಲ್ಲದಿದ್ದರೆ ಎಂಥ ಚೆಲುವಾದ ಕಣ್ಣೂ ಸತ್ತ ಹಾಗೆ ಕಾಣುತ್ತದೆ. ಅದನ್ನು ದೊಡ್ಡದು ಮಾಡಿ ನೋಡಿದರೆ ಫೋಟೋಗ್ರಾಫರ್ ಯಾವ ದೀಪ ಇಟ್ಟಿದ್ದ ಅನ್ನುವುದೂ ತಿಳಿಯುತ್ತದೆ. ದುಂಡಗಿದ್ದರೆ ಬ್ಯೂಟಿ ಡಿಶ್ (ದೀಪಕ್ಕೆ ಹಾಕುವ ತಟ್ಟೆಯಂಥ ಪ್ರತಿಫಲಕ), ಚೌಕವಾಗಿದ್ದರೆ ಸಾಫ್ಟ್‌ಬಾಕ್ಸ್ (ಬಿಳಿ ಬಟ್ಟೆ ಮುಚ್ಚಿದ ದೀಪದ ಪೆಟ್ಟಿಗೆ) ಅಥವಾ ಕಿಟಕಿ, ಬಳೆಯ ಹಾಗಿದ್ದರೆ ರಿಂಗ್ ಲೈಟ್.

ಹಬ್ಬದ ಮುಂಚೆ, ಮಣ್ಣಿನ ಮೂರ್ತಿ ಮಾಡುವವರಿರುವ ಬೆಂಗಳೂರಿನ ಪಾಟರಿ ಟೌನಿಗೆ ಹೋಗಿದ್ದಾಗ ಇದೇ ಚುಕ್ಕೆಯನ್ನು ಮಣ್ಣಿನ ಗಣೇಶನ ಕಣ್ಣಲ್ಲಿ ನೋಡಿದೆ. ಮೈಗೆಲ್ಲ ಬಣ್ಣ ಆಗಿತ್ತು, ಕಣ್ಣಿಗೆ ಕಪ್ಪೂ ಆಗಿತ್ತು. ಆದರೂ ಅದು ಮಣ್ಣೇ. ಮೂರ್ತಿ ಮಾಡುವವರು ನಾಲ್ಕೈದು ಕೂದಲಿನ ಬ್ರಶ್ಶನ್ನು ಬಿಳಿ ಬಣ್ಣದಲ್ಲಿ ಅದ್ದಿ, ಉಸಿರು ಹಿಡಿದು, ಕಪ್ಪಿನ ಮೇಲ್ಭಾಗದಲ್ಲಿ ಸುಮ್ನೆ ಹೀಗೆ ತಾಗಿಸಿದರು. ಗಣೇಶ ನನ್ನನ್ನು ನೋಡಿದ. ಏನು ಮಾಡಿದಿರಿ ಅಂತ ಕೇಳಿದ್ದಕ್ಕೆ ‘ಕಣ್ಣು ಬಿಡಿಸಿದೆ’ ಅಂದರು. ಚಿತ್ರ ಬಿಡಿಸಿದ ಹಾಗೆ ಕಣ್ಣು ಬಿಡಿಸಿದ್ದೂ ಹೌದು, ಮುಚ್ಚಿದ ಕಣ್ಣನ್ನು ಬಿಡಿಸಿದ್ದೂ ಹೌದು. ಆ ಕ್ರಿಯೆಗೆ ಇದಕ್ಕಿಂತ ಒಳ್ಳೆಯ ಮಾತು ನನಗೆ ಬೇಡ. ಆ ಚುಕ್ಕೆಗೆ ಹೆಸರೇನು ಅಂತ ಆಮೇಲೆ ಕೇಳಿದೆ. ‘ಬಿಳಿ ಬೊಟ್ಟು’ ಅಂದರು.

ಬೊಟ್ಟು ಅಂದಾಗ ಮತ್ತೆ ಆ ಮುಖಪುಟದ ಮಚ್ಚೆ ನೆನಪಾಯಿತು. ಅಲ್ಲಿ ಅದು ಚೆಲುವಿನ ಗುರುತು. ಎಲ್ಲ ಅಳಿಸಿದವರು ಅದನ್ನು ಬೇಕೆಂದೇ ಉಳಿಸಿದ್ದಾರೆ. ನಮ್ಮ ಗುಂಪಿನಲ್ಲಿ ಅರ್ಧ ಜನ ಅದನ್ನು ದೃಷ್ಟಿಬೊಟ್ಟು ಅಂತಲೇ ಓದಿದರು. ಕೂಸಿನ ಕೆನ್ನೆಗೆ ಕಾಡಿಗೆ ಇಡುವುದು ಚೆಲುವಿಗೆ ಒಂದು ಊನ ಮಾಡಿ ಕಾಯಲಿಕ್ಕೆ, ಚೆಲುವು ಹೆಚ್ಚಿಸಲಿಕ್ಕಲ್ಲ. ಆದರೆ ಇಟ್ಟ ಮೇಲೆ ಕೂಸು ಇನ್ನೂ ಮುದ್ದಾಗಿ ಕಾಣುತ್ತದೆ, ಅಲ್ವಾ? ಹಾಗಾಗಿ ಟಿಪ್ಪಣಿಯಲ್ಲಿ ಎರಡು ಓದನ್ನೂ ಇಟ್ಟಿದ್ದೇನೆ. ಫೋಟೋಗ್ರಾಫರ್ ಇಟ್ಟ ಅರ್ಥ ಮೊದಲನೆಯದು ಅಂತ ಸ್ಪಷ್ಟವಾಗಿ ಬರೆದಿದ್ದೇನೆ.

ಈಗ ನನ್ನ ಪ್ರಶ್ನೆ. ನಿಮ್ಮ ಕಡೆ ಕಳೆಯ ಜೊತೆ ಮಾಡುವವರಿರುವ ಕ್ರಿಯಾಪದ ಬರುತ್ತದೆಯೇ? ಕಳೆ ಕೊಟ್ಟರು, ಕಳೆ ತುಂಬಿದರು, ಕಳೆ ಕಟ್ಟಿಸಿದರು, ಹೀಗೆ? ಮನೆಯಲ್ಲಿ, ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ, ಹಳೆಯ ಸ್ಟುಡಿಯೋಗಳಲ್ಲಿ ಕೇಳಿದ ವಾಕ್ಯವನ್ನು ಹಾಗೆ ಹಾಗೇ, ಊರಿನ ಹೆಸರಿನ ಜೊತೆ ಬರೆಯಿರಿ. ನಾನು ಈಗಿನ ಮಟ್ಟಿಗೆ ಹಚ್ಚಿದ್ದಕ್ಕೆ ‘ಹೊಳಪು’, ಬೆಳಕು ತಂದದ್ದಕ್ಕೆ ‘ಕಳೆ’ ಅಂತ ಇಟ್ಟುಕೊಂಡಿದ್ದೇನೆ. ಅಕ್ಕ ಇನ್ನೂ ಒಪ್ಪಿಲ್ಲ. ಕ್ಯಾಚ್‌ಲೈಟ್‌ಗೆ ‘ಕಣ್‌ಬೊಟ್ಟು’ ಅಂದರೆ ಹೇಗೆ? ಕಣ್ಣಿಗೆ ಸಂಬಂಧಪಟ್ಟ ಬೇರೆ ಯಾವುದಕ್ಕಾದರೂ ಆ ಮಾತು ಆಗಲೇ ಬಳಕೆಯಲ್ಲಿದ್ದರೆ ತಿಳಿಸಿ, ಭಾನುವಾರದೊಳಗೆ ಟಿಪ್ಪಣಿ ತಿದ್ದಬೇಕು.