ಹಾರ್ಡ್ ಡಿಸ್ಕ್ ಕೆಡುತ್ತಿದೆ, ಆದರೆ ಕೆಟ್ಟಿಲ್ಲ: ಇದಕ್ಕೆ ಒಂದು ಮಾತು ಬೇಕು (ನಾಳೆ ಬೆಳಿಗ್ಗೆಯೊಳಗೆ)

ಬದಿಯಡ್ಕದಿಂದ, ರಾತ್ರಿ 8.10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು.

ನಾನು ಇಲ್ಲಿ, ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ ಈ ವರ್ಷ ನನ್ನ ತಲೆಗೆ ಬಿದ್ದಿದೆ. ಲ್ಯಾಬಿನ ಗೋಡೆಗೆ ಅಂಟಿಸುವ ಒಂದು ಹಾಳೆ ಮಲಯಾಳದಲ್ಲಿ ಇದೆ. ಕಂಪ್ಯೂಟರ್ ಪದೇ ಪದೇ ಕ್ರ್ಯಾಶ್ ಆದರೆ ಏನೇನು ನೋಡಬೇಕು, ಅದು ಹಾರ್ಡ್ ಡಿಸ್ಕಿನ ತೊಂದರೆ ಇರಬಹುದಾ ಅಂತ ಹೇಗೆ ತಿಳಿಯುವುದು, ಇಷ್ಟು ಅದರಲ್ಲಿದೆ. ಅದನ್ನು ಕನ್ನಡ ಮಾಡಿ ನಾಳೆ ಹತ್ತು ಗಂಟೆಗೆ ಪ್ರಿಂಟಿಗೆ ಕೊಡಬೇಕು.

ಮಲಯಾಳದಲ್ಲಿ 'ಕೇಡಾವುಕ' ಎಂದಿದೆ. ಹಿಂದೆ ಯಾರೋ ಕನ್ನಡ ಮಾಡಿಟ್ಟ ಹಾಳೆಯೂ ಕಪಾಟಿನಲ್ಲಿ ಸಿಕ್ಕಿತು. ಅದರ ತಲೆಬರಹ 'ಹಾರ್ಡ್ ಡಿಸ್ಕಿನ ಕೇಡಿನ ಲಕ್ಷಣಗಳು'! ಓದಿದರೆ ಜೋಯಿಸರು ಪ್ರಶ್ನೆ ಇಟ್ಟು ನೋಡಿದ ಹಾಗಿದೆ, ಯಾವುದೋ ಉಪದ್ರ ಕಂಡುಬಂದ ಹಾಗೆ.

ನನಗೆ ಬೇಕಾದ್ದು ಎರಡು. ಒಂದು, ಕ್ರ್ಯಾಶ್. ನಮ್ಮ ಮಕ್ಕಳು ಎಲ್ಲದಕ್ಕೂ 'ಸ್ಟ್ರಕ್ ಆಯ್ತು ಟೀಚರ್' ಎನ್ನುತ್ತಾರೆ. ಪರದೆ ಹಾಗೇ ನಿಂತು ಮೌಸ್ ಅಲ್ಲಾಡದಿರುವುದು, ಅಂದರೆ ಹ್ಯಾಂಗ್, ಬೇರೆ, ನೀಲಿ ಪರದೆ ಬಂದು ತಾನಾಗಿ ಆಫ್ ಆಗಿ ಆನ್ ಆಗುವುದು ಬೇರೆ, ಅಲ್ವಾ? ಎರಡು, ಇದೇ ಮುಖ್ಯ: ಕೆಡುತ್ತಿದೆ ಆದರೆ ಇನ್ನೂ ಓಡುತ್ತಿದೆ ಅನ್ನುವ ಸ್ಥಿತಿಗೆ ಏನು ಹೇಳುವುದು? 'ಹಾಳಾಗಿದೆ' ಅಂತ ಬರೆದರೆ ಮುಗಿಯಿತು ಅಂದುಕೊಂಡು ಬಿಟ್ಟುಬಿಡುತ್ತಾರೆ. ಓಡುತ್ತಿರುವಾಗಲೇ ಫೈಲುಗಳ ಪ್ರತಿ ತೆಗೆದುಕೊಳ್ಳಿ ಅನ್ನುವುದು ಈ ಹಾಳೆಯ ಉದ್ದೇಶ. ಮೊನ್ನೆ ನಾಲ್ಕನೇ ನಂಬ್ರದ ಕಂಪ್ಯೂಟರಿನಲ್ಲಿ ಒಂದು ಕ್ಲಾಸಿನ ಇಡೀ ಮಾರ್ಕಿನ ಪಟ್ಟಿ ಹೋಯಿತು. ವಾರದಿಂದ ಟಕ್ ಟಕ್ ಅನ್ನುತ್ತಿತ್ತು. ನಾವು ಫ್ಯಾನಿನ ಶಬ್ದ ಅಂದುಕೊಂಡಿದ್ದೆವು.

ಬೆಂಗಳೂರಿನಿಂದ, ರಾತ್ರಿ 8.32

ಹಾರ್ಡ್ ಡಿಸ್ಕ್ = ಗಡಸುತಟ್ಟೆ. ಕ್ರ್ಯಾಶ್ = ಕುಸಿತ. ಎರಡನೆಯದಕ್ಕೆ 'ಗಡಸುತಟ್ಟೆಯ ಸೋಲುವಿಕೆ' ಸಾಕು. ಕಂಪ್ಯೂಟರಿಗೆ 'ಎಣ್ಣುಕ' ಬಳಸಿ. ಮಕ್ಕಳ ಕಣ್ಣಿಗೆ ಬೀಳುವ ಹಾಳೆಯಲ್ಲಾದರೂ ಕನ್ನಡ ಇರಲಿ.

ಉಪ್ಪಳದಿಂದ, ರಾತ್ರಿ 8.51

ಅಣ್ಣ, ನಮ್ಮ ಕಡೆ ನೀವು ಹೇಳುವ ತಟ್ಟೆಗೆ ಬಟ್ಟಲು ಅಂತ ಹೇಳುವುದು. ಗಡಸುತಟ್ಟೆ ಕೊಡಿ ಅಂತ ಉಪ್ಪಳ ಪೇಟೆಯಲ್ಲಿ ಕೇಳಿ ನೋಡಿ, ಪಾತ್ರೆ ಅಂಗಡಿ ತೋರಿಸುತ್ತಾರೆ. ನನ್ನದು ರಿಪೇರಿ ಕೆಲಸ. ಇಷ್ಟು ವರ್ಷದಲ್ಲಿ 'ಎಣ್ಣುಕ ಸರಿ ಮಾಡಿ ಕೊಡಿ' ಅಂತ ಒಬ್ಬರೂ ಬಂದಿಲ್ಲ. ಕನ್ನಡದವರು ಬಂದು 'ಹೋಯಿತು' ಅಂತಾರೆ, ತುಳುವರು 'ಪೋಂಡು' ಅಂತಾರೆ, ಮಲಯಾಳದವರು 'ಪೋಯಿ' ಅಂತಾರೆ. ಮೂರೂ ಒಂದೇ, ಬಿಲ್ಲೂ ಒಂದೇ.

ಟೀಚರೇ, ಪದ ಆಮೇಲೆ. ಹಾಳೆಯಲ್ಲಿ ಮೊದಲು ವಿಷಯ ಸರಿ ಇದೆಯಾ ನೋಡಿ. ಕ್ರ್ಯಾಶ್ ಆದ ಕೂಡಲೇ ಹಾರ್ಡ್ ಡಿಸ್ಕ್ ಅನ್ನಬಾರದು. ರ‍್ಯಾಮ್ ಕೆಟ್ಟರೂ ನೀಲಿ ಪರದೆ ಬರುತ್ತದೆ, ಫ್ಯಾನಿಗೆ ಧೂಳು ಕೂತು ಬಿಸಿಯಾದರೂ ಆಫ್ ಆಗುತ್ತದೆ, ಪವರ್ ಸಪ್ಲೈ ಸರಿ ಇಲ್ಲದಿದ್ದರೂ ಅಷ್ಟೆ. ಡಿಸ್ಕಿನದ್ದಾದರೆ ಬೇರೆ ಗುರುತು ಇರುತ್ತದೆ. ಒಂದು ಫೈಲು ತೆರೆಯಲು ಹೊರಟರೆ ನಿಮಿಷಗಟ್ಟಲೆ ಸುಮ್ನೆ ಕೂರುತ್ತದೆ. ಕಾಪಿ ಮಾಡುವಾಗ ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಫೋಲ್ಡರಿನ ಹೆಸರುಗಳು ಅರ್ಥವಿಲ್ಲದ ಅಕ್ಷರ ಆಗುತ್ತವೆ. ಟಕ್ ಟಕ್ ಶಬ್ದ ಬಂತು ಅಂದರೆ ಜಾಸ್ತಿ ಸಮಯ ಇಲ್ಲ ಅಂತ ಲೆಕ್ಕ.

ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಬರೆದಿಡುತ್ತದೆ, ಅದಕ್ಕೆ ಸ್ಮಾರ್ಟ್ ಅಂತಾರೆ. ಉಬುಂಟುವಿನಲ್ಲಿ ಡಿಸ್ಕ್ಸ್ ಅನ್ನುವ ಪ್ರೋಗ್ರಾಂ ತೆರೆದರೆ ಕಾಣುತ್ತದೆ, ವಿಂಡೋಸಿನಲ್ಲಿ ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕಿಕೊಳ್ಳಿ. ನೋಡಬೇಕಾದ್ದು 5, 197, 198 ಈ ಮೂರು ಸಾಲು. ಸೆಕ್ಟರ್ ಅಂದರೆ ಡಿಸ್ಕಿನಲ್ಲಿ ಮಾಹಿತಿ ಇಡುವ ಒಂದೊಂದು ಸಣ್ಣ ಜಾಗ. 5 ಅಂದರೆ ಕೆಟ್ಟ ಸೆಕ್ಟರಿನ ಬದಲು ಮೀಸಲು ಜಾಗ ಕೊಟ್ಟದ್ದು ಎಷ್ಟು ಅಂತ. 197 ಅಂದರೆ ಓದಲು ಆಗದೆ, ಏನು ಮಾಡುವುದು ಅಂತ ಕಾಯುತ್ತಾ ಇರುವ ಸೆಕ್ಟರುಗಳು. 198 ಅಂದರೆ ಪರೀಕ್ಷೆ ಮಾಡಿದಾಗಲೂ ಸರಿಯಾಗದ್ದು. ಈ ಅಂಕೆಗಳು ವಾರ ವಾರ ಏರುತ್ತಾ ಹೋದರೆ ಆ ಡಿಸ್ಕನ್ನು ನಂಬಬೇಡಿ. 199 ಅಂದರೆ ಡಿಸ್ಕಿಗೂ ಕಂಪ್ಯೂಟರಿಗೂ ನಡುವೆ ಮಾಹಿತಿ ಸಾಗುವಾಗ ಆದ ತಪ್ಪುಗಳು, ಅದು ಮಾತ್ರ ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ, ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತದೆ. ಮತ್ತೆ, ಸ್ಮಾರ್ಟ್ ಸರಿ ಇದೆ ಅಂತ ತೋರಿಸುತ್ತಾ ಇದ್ದು ಸತ್ತ ಡಿಸ್ಕುಗಳನ್ನೂ ನಾನು ಕಂಡಿದ್ದೇನೆ, ಅದೊಂದು ಸಾಲು ಹಾಕಿ.

ಇನ್ನೊಂದು, ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ: ಅನುಮಾನ ಬಂದ ಕೂಡಲೇ ಚೆಕ್ ಡಿಸ್ಕ್ (ಡಿಸ್ಕ್ ಪರೀಕ್ಷಿಸುವ ವಿಂಡೋಸಿನ ಪ್ರೋಗ್ರಾಂ) ಓಡಿಸಬಾರದು. ಕೆಟ್ಟ ಸೆಕ್ಟರ್ ಹುಡುಕಲು ಬಿಟ್ಟರೆ ಅದು ಡಿಸ್ಕಿನ ಮೂಲೆ ಮೂಲೆ ಓದುತ್ತದೆ. ಮೊದಲೇ ಸೋತ ಡಿಸ್ಕಿಗೆ ಅದು ಕೊನೆಯ ಓಟ ಆಗಬಹುದು. ಮೊದಲು ಪ್ರತಿ, ಆಮೇಲೆ ಪರೀಕ್ಷೆ.

ಪೆರ್ಲದಿಂದ, ರಾತ್ರಿ 9.20

ಉಪ್ಪಳದವರು ಬಟ್ಟಲು ಅಂತ ತಮಾಷೆ ಮಾಡಿದರು, ಆದರೆ ಅವರು ತಿಳಿಯದೆಯೇ ಸರಿಯಾದ ಜಾಗಕ್ಕೆ ಕೈ ಹಾಕಿದ್ದಾರೆ. ಗ್ರೀಕಿನ ಡಿಸ್ಕೋಸ್ ಲ್ಯಾಟಿನ್ನಿಗೆ ಹೋಗಿ ಡಿಸ್ಕಸ್ ಆಯಿತು. ಇಂಗ್ಲಿಷಿನ ಡಿಸ್ಕ್, ಊಟದ ಡಿಶ್, ಶಾಲೆಯ ಡೆಸ್ಕ್ ಮೂರೂ ಅದರ ಮಕ್ಕಳೇ. ಹಾಗಾಗಿ ಟೀಚರ್ ಅವರ ಲ್ಯಾಬಿನಲ್ಲಿ ಡೆಸ್ಕಿನ ಮೇಲೆ ಡಿಸ್ಕ್ ಕೂತಿದೆ ಅಂದರೆ ಬಟ್ಟಲಿನ ಮೇಲೆ ಬಟ್ಟಲು!

ಇನ್ನು ಕೇಡು. ಕೆಡು-ಕೇಡು, ಪಡು-ಪಾಡು, ಇಡು-ಈಡು. ಕನ್ನಡದ್ದೂ ಮಲಯಾಳದ್ದೂ ಒಂದೇ ಪದ. ಅಲ್ಲಿ ಅದು ಯಂತ್ರಕ್ಕೂ ಹಲ್ಲಿಗೂ ಮಾವಿನಹಣ್ಣಿಗೂ ಸಲ್ಲುತ್ತದೆ. ಇಲ್ಲಿ ಅದು 'ಕೇಡು ಬಗೆಯುವುದು' ಅನ್ನುವ ಕಡೆಗೆ ವಾಲಿತು. ಅಷ್ಟಕ್ಕೇ ಬಿಟ್ಟುಕೊಡಬೇಕಾ? ಹಾಳು ಕೂಡ ಹಾಗೇ, ಹಳಗನ್ನಡದ ಪಾೞ್. ನಮ್ಮಲ್ಲಿ ಹೋದ ೞ ಮಲಯಾಳದಲ್ಲಿ ಇನ್ನೂ ಬದುಕಿದೆ. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಕಿಟೆಲರ ಕನ್ನಡ ನಿಘಂಟು 1894ರಲ್ಲಿ, ಎರಡೂ ಮಂಗಳೂರಿನಲ್ಲೇ ಅಚ್ಚಾದವು. ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಓದಿದರೆ ಈ ಊರಿನಲ್ಲಿ ಕೂತು ಬೆಂಗಳೂರಿನ ಪದ ಕೇಳುವ ಅಗತ್ಯ ಬೀಳುವುದಿಲ್ಲ. ನಾನಾದರೆ 'ಕೇಡಿನ ಲಕ್ಷಣ' ಅಂತಲೇ ಇಡುತ್ತಿದ್ದೆ.

ಬದಿಯಡ್ಕದಿಂದ, ರಾತ್ರಿ 9.34

ಮಾಷ್ಟ್ರೇ, ನೀವು ಹೇಳುವುದೆಲ್ಲ ಸರಿ, ಆದರೆ ಓದುವುದು ಏಳನೇ ಕ್ಲಾಸಿನ ಮಕ್ಕಳು. ಕೇಡಿನ ಲಕ್ಷಣ ಅಂತ ನೋಡಿದರೆ ನಗುತ್ತಾರೆ. ಬೇರೆ ಏನಾದರೂ?

ಬೆಂಗಳೂರಿನಿಂದ, ರಾತ್ರಿ 9.41

ಮಲಯಾಳದ ಬಳಕೆಯನ್ನು ಕನ್ನಡದ ಮೇಲೆ ಹೇರುವುದು ಗಡಿಯವರಿಗೆ ರೂಢಿಯಾಗಿದೆ. ಇಂಗ್ಲಿಷ್ ಬೇಡ ಅಂದರೆ ನಗುತ್ತೀರಿ, ಮಲಯಾಳ ತಂದರೆ ನಿಘಂಟು ತೋರಿಸುತ್ತೀರಿ.

ಪೆರ್ಲದಿಂದ, ರಾತ್ರಿ 9.48

ಹೇರುವುದಾ? 1956ರ ನವೆಂಬರ್ 1ರಿಂದ ಕೇರಳದಲ್ಲಿ ಇದ್ದುಕೊಂಡು ಕನ್ನಡ ಶಾಲೆ ಉಳಿಸಿಕೊಂಡವರಿಗೆ ಈ ಪಾಠ ಬೇಡ. ಅದು ಕನ್ನಡದ್ದೇ ಪದ. ಪಕ್ಕದ ಮನೆಯವರೂ ಬಳಸುತ್ತಾರೆ ಅಂತ ನಮ್ಮ ಬಾವಿ ಅವರದ್ದಾಗುವುದಿಲ್ಲ. ಎರವಲು ಬೇಡ ಅನ್ನುವವರು ಚಾವಿ, ಬಟಾಟೆ, ಮೇಸ್ತ್ರಿ ಎಲ್ಲ ಪೋರ್ಚುಗಲ್ಲಿಗೆ ವಾಪಸು ಕಳಿಸಿ ಆಮೇಲೆ ಬನ್ನಿ. 'ಗಣಕ' ಬೇರೆ ಇದೆ, ಸಂಸ್ಕೃತದಲ್ಲಿ ಗಣಕ ಅಂದರೆ ಜೋಯಿಸ. ಟೀಚರ್ ಹೇಳಿದ ಪ್ರಶ್ನೆ ಇಡುವುದಕ್ಕೆ ಅವನೇ ಸರಿ.

ನೀರ್ಚಾಲಿನಿಂದ, ರಾತ್ರಿ 9.55

ಜಗಳದ ನಡುವೆ ಬಾಯಿ ಹಾಕುತ್ತೇನೆ. ಕೆಟ್ಟ ಸೆಕ್ಟರಿಗೆ 'ಕರಿಗೋಟು', ಅಂದರೆ ಕೆಟ್ಟು ಕಪ್ಪಾದ ಅಡಿಕೆ, ಅನ್ನಬಹುದಲ್ಲ? ಅಡಿಕೆ ಹೆಕ್ಕುವ ಮಕ್ಕಳಿಗೆ ತಕ್ಷಣ ತಿಳಿಯುತ್ತದೆ. ಇಲ್ಲದಿದ್ದರೆ ಜೊಳ್ಳು.

ಉಪ್ಪಳದಿಂದ, ರಾತ್ರಿ 10.02

ಜೊಳ್ಳು ಆಗುವುದಿಲ್ಲ, ಜೊಳ್ಳಿನ ಒಳಗೆ ಮೊದಲಿನಿಂದಲೂ ಏನೂ ಇರುವುದಿಲ್ಲ. ಕೆಟ್ಟ ಸೆಕ್ಟರಿನಲ್ಲಿ ಟೀಚರ್ ಅವರ ಮಾರ್ಕಿನ ಪಟ್ಟಿ ಇತ್ತು. ಕರಿಗೋಟು ಚೆನ್ನಾಗಿದೆ, ಆದರೆ ಕರಿಗೋಟಿಗೆ ಮಾರ್ಕೆಟಿನಲ್ಲಿ ಕಡಿಮೆಯಾದರೂ ಒಂದು ರೇಟು ಇದೆ, ಇದಕ್ಕೆ ಅದೂ ಇಲ್ಲ. ಮಾತಿನಲ್ಲಿ ಹೇಳಿಕೊಡಿ, ಹಾಳೆಯಲ್ಲಿ ಬೇಡ.

ಕುಸಿತವೂ ಬೇಡ. ಕುಸಿಯುವುದು ಅಡಿಕೆಯ ರೇಟು, ಮಳೆಗಾಲದ ಗುಡ್ಡ. ಡಿಸ್ಕಿನಲ್ಲಿ ಹೆಡ್ ಕ್ರ್ಯಾಶ್ ಅಂತ ನಿಜವಾಗಿಯೂ ಒಂದು ಇದೆ. ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ಬಿಲ್ಲೆಯ ಮೇಲೆ, ಕೂದಲಿಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುವ ಹೆಡ್ ಕೆಳಗೆ ತಾಗಿ ಗೀರುತ್ತದೆ. ಅದು ಕುಸಿತ ಅಲ್ಲ, ಬೀಳುವುದು. ಕಂಪ್ಯೂಟರ್ ಕ್ರ್ಯಾಶ್ ಆಗುವುದಕ್ಕೆ 'ಗಕ್ಕನೆ ನಿಂತು ತಾನಾಗಿ ಮತ್ತೆ ಶುರುವಾಗುವುದು' ಅಂತ ಬರೆದುಬಿಡಿ. ಉದ್ದವಾಯಿತು, ಇರಲಿ.

ಧಾರವಾಡದಿಂದ, ರಾತ್ರಿ 10.08

ಹದಗೆಡುತ್ತಿದೆ. ಇದಕ್ಕಿಂತ ಒಳ್ಳೆಯ ಪದ ಇಲ್ಲ. ಹದ ಹೋಗುತ್ತಾ ಇದೆ, ಪೂರ್ತಿ ಹೋಗಿಲ್ಲ.

ಬದಿಯಡ್ಕದಿಂದ, ರಾತ್ರಿ 10.15

ನನಗೂ ಮೊದಲು ಅದೇ ಹೊಳೆದದ್ದು. ಒಂದು ಅನುಮಾನ. ಪೇಪರಿನಲ್ಲಿ ದಿನಾ 'ರಸ್ತೆ ಹದಗೆಟ್ಟಿದೆ' ಅಂತ ಬರುತ್ತದೆ. ಆದರೂ ಅದೇ ರಸ್ತೆಯಲ್ಲಿ ಬಸ್ಸು ಓಡುತ್ತದೆ, ನಾವೂ ಕುಲುಕಿಕೊಂಡು ಹೋಗಿ ಬರುತ್ತೇವೆ. ಡಿಸ್ಕ್ ಹದಗೆಟ್ಟಿದೆ ಅಂದರೆ ಹೀಗೇ ವರ್ಷಗಟ್ಟಲೆ ಓಡಿಸಬಹುದು ಅಂದುಕೊಂಡಾರು.

ಮುಳ್ಳೇರಿಯದಿಂದ, ರಾತ್ರಿ 10.31

ಇಷ್ಟು ಜನ ವಿದ್ವಾಂಸರು ಇದ್ದೂ ಯಾರಿಗೂ ಹೊಳೆಯಲಿಲ್ಲವಲ್ಲ, 'ಕೈಕೊಡುವುದು' ಅಂತ ಒಂದು ಮಾತು ಇದೆ. ಪಂಪು ಕೈಕೊಟ್ಟಿತು, ಜೀಪು ಕೈಕೊಟ್ಟಿತು, ಮಳೆ ಕೈಕೊಟ್ಟಿತು. ನಿನ್ನೆವರೆಗೆ ಸರಿ ಇದ್ದದ್ದು, ನಾವು ನಂಬಿಕೊಂಡಿದ್ದದ್ದು, ಬೇಕಾದ ಹೊತ್ತಿಗೆ ಇಲ್ಲವಾಗುವುದು. 'ಹಾರ್ಡ್ ಡಿಸ್ಕ್ ಕೈಕೊಡುವ ಸೂಚನೆಗಳು' ಅಂತ ಹಾಕು ಮಗಳೇ. ಸೂಚನೆ ಅಂದ ಮೇಲೆ ಇನ್ನೂ ಕೊಟ್ಟಿಲ್ಲ ಅಂತ ಆಯಿತಲ್ಲ.

ಪೆರ್ಲದಿಂದ, ರಾತ್ರಿ 10.40

ಅಕ್ಕಾ, ಕೈಕೊಡು ಅಂದರೆ ನೆರವಾಗು ಅನ್ನುವ ಅರ್ಥವೂ ಇದೆಯಲ್ಲ. ತಲೆಕೆಳಗಾಗುವುದಿಲ್ಲವಾ?

ಮುಳ್ಳೇರಿಯದಿಂದ, ರಾತ್ರಿ 10.44

ಯಾವ ಮಗು ಹಾರ್ಡ್ ಡಿಸ್ಕ್ ಬಂದು ತನಗೆ ನೆರವಾಗುತ್ತದೆ ಅಂತ ಓದಿಕೊಳ್ಳುತ್ತದೆ ಮಾಷ್ಟ್ರೇ?

ಬದಿಯಡ್ಕದಿಂದ, ಬೆಳಿಗ್ಗೆ 7.05

ತಲೆಬರಹ 'ಹಾರ್ಡ್ ಡಿಸ್ಕ್ ಕೈಕೊಡುವ ಸೂಚನೆಗಳು'. ಕೆಳಗೆ ದಪ್ಪ ಅಕ್ಷರದಲ್ಲಿ 'ಮೊದಲು ಪ್ರತಿ, ಆಮೇಲೆ ಪರೀಕ್ಷೆ'. ಒಳಗಿನ ಸಾಲಿನಲ್ಲಿ ಒಂದು ಕಡೆ 'ಕೆಡುತ್ತಾ ಬಂದಿದೆ' ಅಂತ ಬಳಸಿದ್ದೇನೆ, ಹೀಗೆ ಮಾಷ್ಟ್ರ ಕೆಡುವಿಗೂ ಜಾಗ ಸಿಕ್ಕಿತು. ಕ್ರ್ಯಾಶಿಗೆ ಉಪ್ಪಳದವರ ಉದ್ದ ಸಾಲೇ ಹಾಕಿದೆ, ಹ್ಯಾಂಗ್ ಮಾತ್ರ ಹ್ಯಾಂಗ್ ಆಗಿಯೇ ಇದೆ. ಮೂರು ಅಂಕೆಗಳನ್ನೂ ಕೇಬಲಿನ ಮಾತನ್ನೂ ಸೇರಿಸಿದೆ. ಎಲ್ಲರಿಗೂ ಥ್ಯಾಂಕ್ಸ್, ಹತ್ತು ಗಂಟೆಗೆ ಕೊಡುತ್ತೇನೆ.

ಬೆಂಗಳೂರಿನಿಂದ, ಬೆಳಿಗ್ಗೆ 7.30

ಕನಿಷ್ಠ 'ಡಿಸ್ಕು' ಅಂತಾದರೂ ಬರೆಯಿರಿ. ಬಸ್ಸು, ಕಾರು, ಬಲ್ಬು ಇಲ್ಲವೇ? ಈಗಿನ ಕನ್ನಡದ ಪದ ವ್ಯಂಜನದಲ್ಲಿ ನಿಲ್ಲುವುದಿಲ್ಲ.

ಉಪ್ಪಳದಿಂದ, ಬೆಳಿಗ್ಗೆ 7.52

ಇದೊಂದು ಒಪ್ಪಿದೆ ಅಣ್ಣ. ಆದರೆ 'ಥ್ಯಾಂಕ್ಸು' ಅಂತ ಟೀಚರಿಗೆ ನೀವೇ ಹೇಳಿ.